ನೆಟ್ ಜೋರಾಗೇ ಇದೆ, ಆಟ ಮಾತ್ರ ಮುಗ್ಗರಿಸುತ್ತದೆ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು. ಬ್ರೌಸರ್‌ನಲ್ಲಿ ಆಡುವ ಆಟ ಎಳೆದಾಡುತ್ತದೆ. ಎಲ್ಲರೂ ಅದಕ್ಕೆ ಇಟ್ಟಿರುವ ಹೆಸರು ‘ಲ್ಯಾಗ್’. 22 ವರ್ಷ ಕಂಪ್ಯೂಟರ್ ರಿಪೇರಿ ಮಾಡಿದವಳು ನಾನು. ಯಾರಾದರೂ ಲ್ಯಾಗ್ ಎಂದರೆ ನನಗೆ ‘ಹೊಟ್ಟೆನೋವು’ ಎಂದಷ್ಟೇ ಕೇಳಿಸುತ್ತದೆ. ಎಲ್ಲಿ ನೋವು, ಯಾವಾಗ ನೋವು ಎಂದು ಕೇಳದೆ ಮಾತ್ರೆ ಕೊಡುವುದು ಹೇಗೆ? ಅದಕ್ಕೇ ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದವರೂ ಅದನ್ನು ಓದಿಕೊಳ್ಳಿ.

ಪ್ರಶ್ನೆ: ಮೇಡಂ, ನನ್ನದು 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್. ಸ್ಪೀಡ್ ಟೆಸ್ಟ್ ಮಾಡಿದರೆ 100 ಎಂಬಿಪಿಎಸ್ ತೋರಿಸುತ್ತದೆ. ಆದರೂ ಬ್ರೌಸರ್‌ನಲ್ಲಿ ರೇಸಿಂಗ್ ಆಡುವಾಗ ಎದುರಾಳಿಯ ಕಾರು ಇದ್ದಕ್ಕಿದ್ದಂತೆ ಮಾಯವಾಗಿ ಇನ್ನೆಲ್ಲೋ ಕಾಣಿಸುತ್ತದೆ. ಕೆಲವು ಸಲ ಇಡೀ ಪರದೆ ಗಕ್ಕನೆ ನಿಲ್ಲುತ್ತದೆ. ಬ್ರೌಸರ್ ಇಳಿಸಿ ಉಳಿಸಿಟ್ಟುಕೊಂಡ ಕಡತಗಳನ್ನು, ಅದೇ ಕ್ಯಾಶ್, ಅಳಿಸಿ ನೋಡಿದೆ, ರ‍್ಯಾಮ್ ಬೂಸ್ಟರ್ ಹಾಕಿ ನೋಡಿದೆ. ರ‍್ಯಾಮ್ 16 ಜಿಬಿಗೆ ಏರಿಸಲಾ?
— ಒಬ್ಬ ಕಾಲೇಜು ವಿದ್ಯಾರ್ಥಿ

ಉತ್ತರ: ಸದ್ಯಕ್ಕೆ ಏನೂ ಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ, ನೀವು ಒಂದೇ ಎಂದುಕೊಂಡಿದ್ದೀರಿ.

ಕಾರು ಮಾಯವಾಗಿ ಇನ್ನೆಲ್ಲೋ ಕಾಣಿಸುವುದು ನೆಟ್‌ವರ್ಕ್‌ನ ಕೆಲಸ. ಸರ್ವರ್‌ನಿಂದ ಬರಬೇಕಾದ ಸುದ್ದಿ ತಡವಾಯಿತು. ಅಷ್ಟು ಹೊತ್ತು ಆಟ ‘ಕಾರು ಹೀಗೇ ಹೋಗುತ್ತಿರಬೇಕು’ ಎಂದು ಊಹಿಸಿ ಓಡಿಸುತ್ತಿತ್ತು. ನಿಜವಾದ ಸುದ್ದಿ ಸಿಕ್ಕ ಕೂಡಲೇ ಕಾರನ್ನು ಎತ್ತಿ ಸರಿಯಾದ ಜಾಗದಲ್ಲಿ ಇಟ್ಟಿತು. ಇಡೀ ಪರದೆ ನಿಲ್ಲುವುದು ಮಾತ್ರ ಹೆಚ್ಚಾಗಿ ನಿಮ್ಮ ಕಂಪ್ಯೂಟರ್‌ನ ಕೆಲಸ. ಸೆಕೆಂಡಿಗೆ 60 ಚಿತ್ರ ಬರಬೇಕಾದರೆ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಲೆಕ್ಕ ಮುಗಿಯಬೇಕು, ಚಿತ್ರ ಬಿಡಿಸಬೇಕು, ಪರದೆಗೆ ಕಳಿಸಬೇಕು. ಎಲ್ಲೋ ಒಂದು ಕಡೆ 100 ಮಿಲಿಸೆಕೆಂಡ್ ಹಿಡಿಯಿತು ಎನ್ನಿ, ಐದು ಚಿತ್ರ ತಪ್ಪಿಹೋಯಿತು. ಕಣ್ಣಿಗೆ ಅದು ಜರ್ಕ್ ಆಗಿ ಕಾಣುತ್ತದೆ.

ಯಾವುದು ಎಷ್ಟಿದೆ ಎಂದು ತಿಳಿಯಲು ಸುಲಭದ ದಾರಿ ಇದೆ. ಆಟದಲ್ಲಿ ಒಬ್ಬರೇ ಆಡುವ ಅಭ್ಯಾಸದ ಮೋಡ್ ಇದ್ದರೆ ಹತ್ತು ನಿಮಿಷ ಅದನ್ನೇ ಆಡಿ. ಅಲ್ಲೂ ನಿಂತು ನಿಂತು ಓಡಿದರೆ ತಪ್ಪು ಯಂತ್ರದ್ದು. ಅಲ್ಲಿ ಬೆಣ್ಣೆಯ ಹಾಗೆ ಓಡಿ, ಬೇರೆಯವರು ಸೇರಿದಾಗ ಮಾತ್ರ ಕೆಟ್ಟರೆ ನೆಟ್‌ವರ್ಕ್ ನೋಡಬೇಕು.

ಮೊದಲು ಯಂತ್ರ. ಕ್ರೋಮ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಎಂಬ ಭಾಗಕ್ಕೆ ಹೋಗಿ. ಅಲ್ಲಿ ಗ್ರಾಫಿಕ್ಸ್ ಆಕ್ಸಿಲರೇಷನ್, ಎಂದರೆ ಚಿತ್ರದ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಕೊಡುವ ಸ್ವಿಚ್ ಇರುತ್ತದೆ. ಅದು ಆಫ್ ಆಗಿದ್ದರೆ ಚಿತ್ರ ಬಿಡಿಸುವ ಕೆಲಸವೆಲ್ಲ ಮುಖ್ಯ ಪ್ರೊಸೆಸರ್ ಆದ ಸಿಪಿಯು ತಲೆ ಮೇಲೆ ಬೀಳುತ್ತದೆ. ನನ್ನ ಮೇಜಿಗೆ ಬಂದ ‘ಸ್ಲೋ’ ಲ್ಯಾಪ್‌ಟಾಪ್‌ಗಳಲ್ಲಿ ಈ ಸ್ವಿಚ್ ಆಫ್ ಆಗಿದ್ದವನ್ನು ನಾನು ಎಣಿಸುವುದನ್ನೇ ಬಿಟ್ಟಿದ್ದೆ. ಯಾವಾಗಲೋ ವಿಡಿಯೋ ಹಸಿರಾಗಿ ಕಂಡಿತು ಎಂದು ಯಾರದೋ ಮಾತು ಕೇಳಿ ಆಫ್ ಮಾಡಿರುತ್ತಾರೆ, ಆಮೇಲೆ ಮರೆತೇಬಿಡುತ್ತಾರೆ. ಸ್ವಿಚ್ ಆನ್ ಇದ್ದ ಮಾತ್ರಕ್ಕೆ ನಂಬಬೇಡಿ. ವಿಳಾಸ ಬರೆಯುವ ಜಾಗದಲ್ಲಿ ಕ್ರೋಮ್ ಎಂದು ಬರೆದು, ಒಂದು ಕೋಲನ್, ಎರಡು ಸ್ಲ್ಯಾಶ್, ಆಮೇಲೆ ಜಿಪಿಯು ಎಂದು ಹೊಡೆಯಿರಿ, ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. ಬರುವ ಪಟ್ಟಿಯಲ್ಲಿ ವೆಬ್‌ಜಿಎಲ್ ಎಂಬ ಸಾಲು ಹುಡುಕಿ, ಬ್ರೌಸರ್‌ನಲ್ಲಿ ಆಟದ ಚಿತ್ರ ಬಿಡಿಸುವ ವ್ಯವಸ್ಥೆ ಅದು. ‘ಹಾರ್ಡ್‌ವೇರ್ ಆಕ್ಸಿಲರೇಟೆಡ್’ ಎಂದು ಹಸಿರಲ್ಲಿ ಇದ್ದರೆ ಸರಿ. ‘ಸಾಫ್ಟ್‌ವೇರ್ ಓನ್ಲಿ’ ಎಂದಿದ್ದರೆ ಹೆಚ್ಚಾಗಿ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶ, ಎಂದರೆ ಡ್ರೈವರ್, ಹಳತಾಗಿದೆ ಎಂದರ್ಥ. ಡ್ರೈವರನ್ನು ಲ್ಯಾಪ್‌ಟಾಪ್ ತಯಾರಿಸಿದವರ ಅಥವಾ ಚಿಪ್ ತಯಾರಿಸಿದವರ ತಾಣದಿಂದಲೇ ತನ್ನಿ. ‘ಡ್ರೈವರ್ ಅಪ್‌ಡೇಟರ್’ ಎಂದು ಕೂಗಿ ಕರೆಯುವ ಜಾಹೀರಾತುಗಳ ಹತ್ತಿರವೂ ಹೋಗಬೇಡಿ.

ಆಮೇಲೆ ಆಟ ನಡೆಯುತ್ತಿರುವಾಗಲೇ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ. ಬ್ರೌಸರ್‌ನದೇ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಫೈರ್‌ಫಾಕ್ಸ್‌ನಲ್ಲೂ ಅದೇ ಕೀಲಿ. ಸಿಪಿಯು ಎಂಬ ತಲೆಬರಹ ಒತ್ತಿದರೆ ಜಾಸ್ತಿ ತಿನ್ನುವವರು ಮೇಲೆ ಬರುತ್ತಾರೆ. ಆಟ ಮೇಲಿರುವುದು ನ್ಯಾಯ. ಅದರ ಪಕ್ಕದಲ್ಲೇ ನೀವು ಬ್ರೌಸರ್‌ಗೆ ಸೇರಿಸಿಕೊಂಡ, ಕೂಪನ್ ಹುಡುಕುವ ಎಕ್ಸ್‌ಟೆನ್ಷನ್ ಒಂದು ಕೂತಿದ್ದರೆ ಅದನ್ನು ತೆಗೆದುಹಾಕಿ. ನಾನು ಆಟಕ್ಕೆಂದೇ ಬ್ರೌಸರ್‌ನಲ್ಲಿ ಬೇರೆ ಪ್ರೊಫೈಲ್ ಮಾಡಿಕೊಂಡಿದ್ದೇನೆ. ಅದರಲ್ಲಿ ಒಂದು ಎಕ್ಸ್‌ಟೆನ್ಷನ್ನೂ ಇಲ್ಲ. ಆಡುವಾಗ ಇನ್ನೊಂದು ಪ್ರೊಫೈಲ್‌ನ ಕಿಟಕಿಗಳನ್ನು ಮುಚ್ಚಿಬಿಡುತ್ತೇನೆ.

ಇನ್ನು ನಿಮ್ಮ ‘ಔಷಧಿ’ಗಳು. ಕ್ಯಾಶ್ ಅಳಿಸಿದರೆ ಆಟ ಚುರುಕಾಗುವುದಿಲ್ಲ. ಟ್ರ್ಯಾಕು, ಕಾರು, ಸದ್ದು ಎಲ್ಲವನ್ನೂ ಬ್ರೌಸರ್ ಮತ್ತೆ ಇಳಿಸಿಕೊಳ್ಳಬೇಕು, ಹಾಗಾಗಿ ಮುಂದಿನ ಸಲ ತೆರೆಯುವುದು ಇನ್ನೂ ತಡ. ರ‍್ಯಾಮ್ ಬೂಸ್ಟರ್ ಮಾಡುವುದು ನೆನಪಿನಲ್ಲಿದ್ದದ್ದನ್ನು ಬಲವಂತವಾಗಿ ಹೊರಗೆ ತಳ್ಳುವುದು. ಬೇಕಾದಾಗ ವಿಂಡೋಸ್ ಅದನ್ನು ಡಿಸ್ಕ್‌ನಿಂದ ಮತ್ತೆ ತರಬೇಕು. ನಿಮ್ಮ ಆಟ ನಿಲ್ಲುತ್ತಿರುವುದು ಅದರಿಂದಲೇ ಇರಬಹುದು, ಮೊದಲು ಅದನ್ನು ತೆಗೆಯಿರಿ.

ರ‍್ಯಾಮ್ ವಿಷಯಕ್ಕೆ ಬಂದರೆ, ಆಡುವಾಗ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ 90 ಪ್ರತಿಶತ ದಾಟಿ ಅಲ್ಲೇ ನಿಂತಿದ್ದರೆ ಏರಿಸುವುದರಲ್ಲಿ ಅರ್ಥವಿದೆ. ಆಗಲೂ ಇನ್ನೊಂದು ವಿಷಯ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ಒಂದೇ ದೊಡ್ಡ ಕಡ್ಡಿಗಿಂತ ಸಮನಾದ ಎರಡು ಕಡ್ಡಿ ಹಾಕಿದರೆ ಎರಡು ದಾರಿಯಲ್ಲಿ ಮಾಹಿತಿ ಓಡುತ್ತದೆ. ಆಟದಲ್ಲಿ ಆ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ.

ಮಾಯವಾಗುವ ಕಾರಿನ ವಿಷಯ. 100 ಎಂಬಿಪಿಎಸ್ ಎನ್ನುವುದು ಸೆಕೆಂಡಿಗೆ ಎಷ್ಟು ಮಾಹಿತಿ ಬರಬಹುದು ಎಂಬ ಲೆಕ್ಕ. ಆಟಕ್ಕೆ ಅಷ್ಟೆಲ್ಲ ಬೇಡ. ಅದು ಕಳಿಸುವುದು ಚಿಕ್ಕ ಚಿಕ್ಕ ಚೀಟಿ. ಆದರೆ ಚೀಟಿ ಹೊತ್ತಿಗೆ ಸರಿಯಾಗಿ ಬರಬೇಕು. ಅದರಲ್ಲೂ ಬ್ರೌಸರ್ ಆಟಗಳಿಗೆ ಒಂದು ಹುಟ್ಟುಗುಣ ಇದೆ. ಇವುಗಳಲ್ಲಿ ಬಹಳಷ್ಟು ವೆಬ್‌ಸಾಕೆಟ್ ಎಂಬ ಸಂಪರ್ಕದ ಮೂಲಕ ಸರ್ವರ್ ಜೊತೆ ಮಾತಾಡುತ್ತವೆ. ಅಲ್ಲಿ ಚೀಟಿಗಳು ಸಾಲಾಗಿಯೇ ಬರಬೇಕು. ನಡುವೆ ಒಂದು ಕಳೆದುಹೋದರೆ, ಅದು ಮತ್ತೆ ಬರುವ ತನಕ ಅದರ ಹಿಂದೆ ಬಂದವೆಲ್ಲ ಬಾಗಿಲಲ್ಲೇ ನಿಂತಿರುತ್ತವೆ. ಬಂದ ಮೇಲೆ ಎಲ್ಲವೂ ಒಮ್ಮೆಗೇ ಒಳಗೆ ನುಗ್ಗುತ್ತವೆ. ನಿಮ್ಮ ಎದುರಾಳಿಯ ಕಾರು ಹಾರುವುದು ಆಗಲೇ. ಇನ್‌ಸ್ಟಾಲ್ ಮಾಡಿ ಆಡುವ ಆಟಗಳಲ್ಲಿ ಬಹಳಷ್ಟು ಯುಡಿಪಿ ಎಂಬ ಬೇರೆ ವಿಧಾನ ಬಳಸುತ್ತವೆ, ಕಳೆದ ಚೀಟಿಯನ್ನು ಬಿಟ್ಟು ಮುಂದೆ ಹೋಗುತ್ತವೆ. ‘ಬೇರೆ ಆಟ ಚೆನ್ನಾಗಿ ಓಡುತ್ತದೆ, ಇದು ಮಾತ್ರ ಯಾಕೆ ಹೀಗೆ’ ಎಂದು ಕೇಳುವವರಿಗೆ ಇದೇ ಉತ್ತರ.

ಚೀಟಿ ಎಲ್ಲಿ ಕಳೆಯುತ್ತದೆ? ಮನೆಯಲ್ಲೇ ಇರಬಹುದು. ವಿಂಡೋಸ್‌ನಲ್ಲಿ ಆದೇಶ ಟೈಪ್ ಮಾಡುವ ಕಿಟಕಿ, ಎಂದರೆ ಕಮಾಂಡ್ ಪ್ರಾಂಪ್ಟ್, ತೆರೆದು ಮೊದಲು ನಿಮ್ಮ ರೌಟರ್‌ಗೆ ಪಿಂಗ್ ಮಾಡಿ, ಎಂದರೆ ಒಂದು ಚೀಟಿ ಕಳಿಸಿ ಅದು ಹೋಗಿಬರುವ ಹೊತ್ತು ಅಳೆಯಿರಿ. ಆ ಹೊತ್ತಿನ ಹೆಸರೂ ಪಿಂಗ್. ಬಹಳ ರೌಟರ್‌ಗಳ ವಿಳಾಸ 192.168.1.1 ಅಥವಾ 192.168.0.1. ping -t ಎಂದು ಬರೆದು, ಜಾಗ ಬಿಟ್ಟು ಆ ವಿಳಾಸ ಹೊಡೆದು, ಎರಡು ನಿಮಿಷ ಓಡಲು ಬಿಡಿ. ಕೇಬಲ್‌ನಲ್ಲಿ 1 ಮಿಲಿಸೆಕೆಂಡ್ ಆಸುಪಾಸು ಬರಬೇಕು, ಒಳ್ಳೆ ವೈಫೈನಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ. 3, 4, 3, 180, 4, ಆಮೇಲೆ ‘ಟೈಮ್ಡ್ ಔಟ್’ ಎಂದು ಕುಣಿದರೆ ಇಂಟರ್ನೆಟ್ ಕೊಟ್ಟವರನ್ನು ಬಯ್ಯಬೇಡಿ. ಮಾಹಿತಿ ಇನ್ನೂ ನಿಮ್ಮ ಮನೆಯ ಗೋಡೆಯನ್ನೇ ದಾಟಿಲ್ಲ. ನೆಟ್‌ವರ್ಕ್ ಕೇಬಲ್ ಚುಚ್ಚಿ. ಆಗದಿದ್ದರೆ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. 2.4 ಗಿಗಾಹರ್ಟ್ಸ್‌ನಲ್ಲಿ ಬ್ಲೂಟೂತ್, ಮೈಕ್ರೋವೇವ್ ಒಲೆ, ಪಕ್ಕದವರ ವೈಫೈ ಎಲ್ಲವೂ ಸೇರಿ ಸಂತೆ ಮಾಡಿರುತ್ತವೆ.

ರೌಟರ್ ತನಕ ಸರಿ ಇದ್ದರೆ ಆಟದ ಸೆಟ್ಟಿಂಗ್‌ನಲ್ಲಿ ಹತ್ತಿರದ ಸರ್ವರ್ ಆರಿಸಿ. ಫೈಬರ್ ಒಳಗೆ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಸರ್ವರ್ 5,000 ಕಿಲೋಮೀಟರ್ ದೂರ ಇದ್ದರೆ ಹೋಗಿಬರಲು ಕನಿಷ್ಠ 50 ಮಿಲಿಸೆಕೆಂಡ್ ಬೇಕೇ ಬೇಕು. ಯಾವ ಬೂಸ್ಟರೂ ಬೆಳಕನ್ನು ಓಡಿಸಲಾರದು, ಅಲ್ವಾ?

ಪ್ರಶ್ನೆ: ಮಗಳು ಆಡುವಾಗ ನಾನು ಮೊಬೈಲ್ ಚಾರ್ಜಿಗೆ ಹಾಕಿದರೆ ಸಾಕು, ಅವಳ ಆಟ ಹಾಳಾಗುತ್ತದಂತೆ. ‘ಅಮ್ಮ, ಚಾರ್ಜಿಗೆ ಹಾಕ್ಬೇಡ’ ಎಂದು ಕಿರುಚುತ್ತಾಳೆ. ಇದು ನೆಪವೋ ನಿಜವೋ?
— ಒಬ್ಬ ತಾಯಿ

ಉತ್ತರ: ನಿಮ್ಮ ಪತ್ರ ಓದಿ ನಕ್ಕೆ. ಆಮೇಲೆ ಮಗಳೇ ಸರಿ ಎನ್ನಿಸಿತು. ಚಾರ್ಜ್‌ಗೂ ಆಟಕ್ಕೂ ಸಂಬಂಧವಿಲ್ಲ. ಆದರೆ ಬಹಳ ಫೋನ್‌ಗಳು ಚಾರ್ಜಿಗೆ ಹಾಕಿ, ವೈಫೈ ಸಿಕ್ಕಿದಾಗಲೇ ಆ ದಿನದ ಫೋಟೋ, ವಿಡಿಯೋಗಳನ್ನು ಬ್ಯಾಕಪ್ ಮಾಡುವ ಹಾಗೆ ಹೊಂದಿಸಿರುತ್ತವೆ. ಅಪ್‌ಲೋಡ್ ದಾರಿ ತುಂಬಿಬಿಡುತ್ತದೆ. ರೌಟರ್ ಕಳಿಸಲಾಗದ್ದನ್ನು ಬಿಸಾಡದೆ ಸಾಲಿನಲ್ಲಿ ನಿಲ್ಲಿಸುತ್ತದೆ. ನಿಮ್ಮ ಭಾರಿ ವಿಡಿಯೋಗಳ ಹಿಂದೆ ಮಗಳ ಪುಟ್ಟ ಚೀಟಿ ಕಾಯುತ್ತಾ ನಿಂತಿರುತ್ತದೆ. 30 ಇದ್ದ ಪಿಂಗ್ 300 ದಾಟುವುದು ಹೀಗೇ. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ.

ಆಟದ ಹೊತ್ತಿನಲ್ಲಿ ಬ್ಯಾಕಪ್ ನಿಲ್ಲಿಸಿಡಿ, ರಾತ್ರಿ ಆಗಲಿ. ರೌಟರ್‌ನಲ್ಲಿ ಎಸ್‌ಕ್ಯೂಎಂ ಎಂಬ ಸೌಲಭ್ಯ ಇದ್ದರೆ ಅದನ್ನು ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗಕ್ಕಿಂತ ಹತ್ತು ಪ್ರತಿಶತ ಕಡಿಮೆ ಇಡಿ. ಸಾಲು ಬೆಳೆಯುವುದೇ ಇಲ್ಲ. ಮಗಳ ಕಂಪ್ಯೂಟರ್‌ನಲ್ಲೂ ಒಂದು ಕಳ್ಳ ಇರಬಹುದು. ವಿಂಡೋಸ್ ಅಪ್‌ಡೇಟ್‌ನ ಡೆಲಿವರಿ ಆಪ್ಟಿಮೈಸೇಷನ್ ಎಂಬ ಭಾಗ ನೋಡಿ. ಇಂಟರ್ನೆಟ್‌ನಲ್ಲಿರುವ ಬೇರೆ ಕಂಪ್ಯೂಟರ್‌ಗಳಿಗೂ ಅಪ್‌ಡೇಟ್ ಹಂಚುವ ಆಯ್ಕೆ ಆನ್ ಆಗಿದ್ದರೆ ಆಫ್ ಮಾಡಿ.

ಪ್ರಶ್ನೆ: ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ, 144 ಹರ್ಟ್ಸ್ ಮಾನಿಟರ್ ತಂದೆ. ಬ್ರೌಸರ್ ಆಟದಲ್ಲಿ ಎಳ್ಳಷ್ಟೂ ವ್ಯತ್ಯಾಸ ಇಲ್ಲ.
— ಡೆಸ್ಕ್‌ಟಾಪ್ ಬಳಸುವ ಓದುಗರು

ಉತ್ತರ: ಕಂಪ್ಯೂಟರ್ ಹಿಂದೆ ಹೋಗಿ ಮಾನಿಟರ್ ಕೇಬಲ್ ಎಲ್ಲಿ ಚುಚ್ಚಿದೆ ನೋಡಿ. ಮೇಲೆ, ಯುಎಸ್‌ಬಿಗಳ ಪಕ್ಕದಲ್ಲಿ ಇದ್ದರೆ ಅದು ಮದರ್‌ಬೋರ್ಡ್‌ನ ಪೋರ್ಟ್. ಕೆಳಗೆ ಅಡ್ಡಡ್ಡ ಇರುವ ಕಾರ್ಡ್‌ಗೇ ಚುಚ್ಚಬೇಕು. ನಗಬೇಡಿ, ಊರಿಗೆಲ್ಲ ಕಂಪ್ಯೂಟರ್ ರಿಪೇರಿ ಮಾಡುವ ನಾನೇ ನನ್ನ ಸ್ವಂತ ಯಂತ್ರದಲ್ಲಿ ಎಂಟು ತಿಂಗಳು ಕೇಬಲನ್ನು ತಪ್ಪು ಪೋರ್ಟ್‌ನಲ್ಲಿ ಇಟ್ಟುಕೊಂಡು, ಕಾರ್ಡ್ ತಯಾರಿಸಿದವರನ್ನು ಬಯ್ದಿದ್ದೇನೆ. ಕತ್ತಲೆ ಮೂಲೆ, ಯಾರು ಬಗ್ಗಿ ನೋಡುತ್ತಾರೆ?

ಕೇಬಲ್ ಸರಿ ಇದ್ದರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ ನೋಡಿ. ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ ಅದು, ನಿಮ್ಮ 144 ಹರ್ಟ್ಸ್ ಎಂದರೂ ಅದೇ. ಮಾನಿಟರ್ 144 ಇದ್ದರೂ ಅಲ್ಲಿ 60 ಇರುವುದು ಮಾಮೂಲು. ಅಲ್ಲೇ ಗ್ರಾಫಿಕ್ಸ್ ಎಂಬ ಭಾಗದಲ್ಲಿ ನಿಮ್ಮ ಬ್ರೌಸರನ್ನು ಸೇರಿಸಿ ಹೈ ಪರ್ಫಾರ್ಮೆನ್ಸ್ ಆರಿಸಿ, ಬ್ರೌಸರ್ ಮುಚ್ಚಿ ತೆರೆಯಿರಿ. ಆದರೂ ಕೆಲವು ಆಟಗಳನ್ನು ಬರೆದವರೇ 60ಕ್ಕೆ ಕಟ್ಟಿಹಾಕಿರುತ್ತಾರೆ. ಅದಕ್ಕೆ ಯಾವ ಕಾರ್ಡೂ ಮದ್ದಲ್ಲ.

ಪ್ರಶ್ನೆ: ಆಂಟಿ, ಆಟ ಫಾಸ್ಟ್ ಆಗಲಿ ಅಂತ ಕುಕೀಸ್ ಎಲ್ಲ ಕ್ಲಿಯರ್ ಮಾಡಿದೆ. ನನ್ನ 64ನೇ ಲೆವೆಲ್ ಹೋಗಿಬಿಟ್ಟಿತು. ವಾಪಸ್ ಬರುತ್ತಾ?
— 8ನೇ ತರಗತಿ ಹುಡುಗ

ಉತ್ತರ: ಲಾಗಿನ್ ಆಗಿ ಆಡುತ್ತಿದ್ದರೆ ಚಿಂತೆ ಬೇಡ ಮರಿ, ಅದು ಸರ್ವರ್‌ನಲ್ಲಿ ಇರುತ್ತದೆ. ಮತ್ತೆ ಲಾಗಿನ್ ಆಗು. ಲಾಗಿನ್ ಇಲ್ಲದೆ ಆಡುತ್ತಿದ್ದರೆ ನಿನ್ನ 64 ಲೆವೆಲ್ ಇದ್ದದ್ದು ಬ್ರೌಸರ್‌ನ ಒಳಗೇ, ಲೋಕಲ್ ಸ್ಟೋರೇಜ್ ಎಂಬ ಡಬ್ಬಿಯಲ್ಲಿ. ಕುಕೀಸ್ ಅಳಿಸುವ ಬಟನ್ ಆ ಡಬ್ಬಿಯನ್ನೂ ಖಾಲಿ ಮಾಡುತ್ತದೆ. ಬಟನ್ ಪಕ್ಕದಲ್ಲಿ ‘ಬೇರೆ ಸೈಟ್ ಡೇಟಾ’ ಎಂದು ಸಣ್ಣದಾಗಿ ಬರೆದಿರುತ್ತಾರೆ, ಅಷ್ಟೇ. ವಾಪಸ್ ಬರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ, ಎರಡನೇ ಸಲ ಬೇಗ ಮುಗಿಸುತ್ತೀಯ. ಇನ್‌ಕಾಗ್ನಿಟೋ ಕಿಟಕಿಯಲ್ಲಿ ಮಾತ್ರ ಆಡಬೇಡ, ಮುಚ್ಚಿದ ಕೂಡಲೇ ಇದೇ ಕಥೆ.

ಪ್ರಶ್ನೆ: ವಿಪಿಎನ್ ಹಾಕಿದರೆ, ಡಿಎನ್‌ಎಸ್ ಬದಲಿಸಿದರೆ ಪಿಂಗ್ ಕಡಿಮೆ ಆಗುತ್ತದಾ?
— ಮೂವರು ಕೇಳಿದ್ದಾರೆ

ಉತ್ತರ: ಡಿಎನ್‌ಎಸ್ ಹೆಸರಿನಿಂದ ವಿಳಾಸ ಹುಡುಕಿಕೊಡುತ್ತದೆ. ಆಟ ಶುರುವಾದ ಮೇಲೆ ಅದಕ್ಕೆ ಕೆಲಸವೇ ಇಲ್ಲ. ವಿಪಿಎನ್ ಎಂದರೆ ದಾರಿಯಲ್ಲಿ ಇನ್ನೊಂದು ನಿಲ್ದಾಣ. ಅಪರೂಪಕ್ಕೆ, ನಿಮ್ಮ ಸಂಪರ್ಕ ಕೊಟ್ಟವರ ದಾರಿ ಸುತ್ತುಬಳಸು ಇದ್ದರೆ ಉಪಯೋಗ ಆಗಬಹುದು. ಉಳಿದಂತೆ ಸುಮ್ನೆ ತಡ.

ಪ್ರಶ್ನೆ: ಮೊದಲ 20 ನಿಮಿಷ ಆಟ ಚೆನ್ನಾಗಿ ಓಡುತ್ತದೆ. ಆಮೇಲೆ ತೆವಳುತ್ತದೆ. ಲ್ಯಾಪ್‌ಟಾಪ್ ನಾಲ್ಕು ವರ್ಷ ಹಳೆಯದು.
— ನಿವೃತ್ತ ಶಿಕ್ಷಕರು, ಆನ್‌ಲೈನ್ ಚೆಸ್ ಮತ್ತು ‘ಇನ್ನೂ ಏನೇನೋ’

ಉತ್ತರ: ಮೇಷ್ಟ್ರೇ, ಆ ‘ಇನ್ನೂ ಏನೇನೋ’ ಏನೆಂದು ಕೇಳುವುದಿಲ್ಲ. ನಿಮ್ಮದು ಬಿಸಿಯ ಸಮಸ್ಯೆ. 20 ನಿಮಿಷ ಎಂದು ನೀವು ಗಡಿಯಾರ ನೋಡಿ ಬರೆದದ್ದರಿಂದಲೇ ಗೊತ್ತಾಯಿತು. ಪ್ರೊಸೆಸರ್ 95–100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದರೆ ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ.

ಹಾಸಿಗೆ, ದಿಂಬಿನ ಮೇಲೆ ಇಟ್ಟು ಆಡುತ್ತಿದ್ದರೆ ಬಿಡಿ. ಗಾಳಿ ಒಳಗೆ ಹೋಗುವ ಕಿಂಡಿ ಕೆಳಗೇ ಇದೆ. ಗಟ್ಟಿ ಮೇಜಿನ ಮೇಲೆ ಇಟ್ಟು, ಹಿಂಬದಿಯನ್ನು ಎರಡು ಬೆರಳು ಎತ್ತರಿಸಿ. ಚಾರ್ಜರ್ ಹಾಕಿಯೇ ಆಡಿ. ಬ್ಯಾಟರಿಯಲ್ಲಿ ವಿಂಡೋಸ್ ಮತ್ತು ಬ್ರೌಸರ್‌ನ ಎನರ್ಜಿ ಸೇವರ್ ಎರಡೂ ವೇಗ ಕಡಿಮೆ ಮಾಡುತ್ತವೆ. ಇಷ್ಟಕ್ಕೂ ಸರಿಹೋಗದಿದ್ದರೆ ಬಿಚ್ಚಿಸಿ, ಧೂಳು ತೆಗೆಸಿ, ಪ್ರೊಸೆಸರ್‌ನ ಬಿಸಿಯನ್ನು ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಹೊಸದು ಹಚ್ಚಿಸಿ. ನಾಲ್ಕು ವರ್ಷದ ಲ್ಯಾಪ್‌ಟಾಪ್‌ನ ಫ್ಯಾನ್ ಹಿಂದೆ ಕಂಬಳಿಯ ಹಾಗೆ ಹೆಣೆದುಕೊಂಡ ಧೂಳಿನ ಪದರವನ್ನು ಚಿಮಟದಲ್ಲಿ ಇಡಿಯಾಗಿ ಎಳೆದು ತೆಗೆದಿದ್ದೇನೆ. ನೀವೇ ಊದುವ ಯಂತ್ರದಿಂದ ಧೂಳು ಹೊಡೆಯುವುದಾದರೆ ಲ್ಯಾಪ್‌ಟಾಪ್ ಆಫ್ ಮಾಡಿ, ಫ್ಯಾನ್ ತಿರುಗದಂತೆ ಒಂದು ಕಡ್ಡಿಯಲ್ಲಿ ಹಿಡಿದುಕೊಳ್ಳಿ. ಗಾಳಿಗೆ ಸಿಕ್ಕಾಪಟ್ಟೆ ತಿರುಗಿದರೆ ಅದರ ಬೇರಿಂಗ್ ಹೋಗುತ್ತದೆ.