ಓದುಗರ ಪ್ರಶ್ನೆ: ಹಳೆಯ ಹಾಯಿಹಡಗು, ಹೊಸ ಅಡ್ಡಗೋಡೆ

ಪ್ರಶ್ನೆ: ಒಳಗನ್ನು ಕೋಣೆಗಳಾಗಿ ವಿಂಗಡಿಸಿ, ಒಂದಕ್ಕೆ ನುಗ್ಗಿದ ನೀರು ಇನ್ನೊಂದಕ್ಕೆ ಹೋಗದಂತೆ ತಡೆಯುವ ಅಡ್ಡಗೋಡೆಗಳು ಮೂಲ ಹಡಗಿನಲ್ಲಿ ಇರಲಿಲ್ಲ; ಪ್ರತಿಕೃತಿಯಲ್ಲಿ ಅವನ್ನು ಕಟ್ಟುವುದೇಕೆ? ಮರದ ಹಡಗಿನಲ್ಲಿ ಅವು ನಿಜಕ್ಕೂ ನೀರು ತಡೆಯುತ್ತವೆಯೇ?

ಉತ್ತರ: ಏಕೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 1977ರಲ್ಲಿ ಹಳೆಯ ಪದ್ಧತಿಗೆ ನಿಷ್ಠವಾಗಿ ಕಟ್ಟಿದ ಅಮೆರಿಕದ ಪ್ರತಿಕೃತಿ ಹಾಯಿಹಡಗು ‘ಪ್ರೈಡ್ ಆಫ್ ಬಾಲ್ಟಿಮೋರ್’ನಲ್ಲಿ ನೀರು ತಡೆಯುವ ಗೋಡೆಗಳಿರಲಿಲ್ಲ. 1986ರ ಮೇ ತಿಂಗಳಲ್ಲಿ ಪೋರ್ಟೊ ರಿಕೋದ ಉತ್ತರಕ್ಕೆ ಹಠಾತ್ ಬೀಸಿದ ಗಾಳಿಗೆ ಮಗುಚಿ ಮುಳುಗಿತು. 12 ಮಂದಿಯಲ್ಲಿ ನಾಲ್ವರು ಸತ್ತರು. 1988ರಲ್ಲಿ ಬಂದ ಎರಡನೆಯ ‘ಪ್ರೈಡ್’ಗೆ ಗೋಡೆಗಳನ್ನು ಹಾಕಿದರು.

ತಡೆಯುತ್ತವೆಯೇ ಅನ್ನುವುದು ಇನ್ನೂ ಒಳ್ಳೆಯ ಪ್ರಶ್ನೆ. ಮರದ ಹಡಗಿನ ಒಡಲು ಒಂದೇ ಪದರವಲ್ಲ. ಹೊರಹಲಗೆ, ಒಳಹಲಗೆ, ನಡುವೆ ಪಕ್ಕೆಮರಗಳು, ಆ ಪಕ್ಕೆಮರಗಳ ಮಧ್ಯೆ ಖಾಲಿ ಸಂದು. ಗೋಡೆಯನ್ನು ಒಳಹಲಗೆಗೆ ತಾಗಿಸಿ ನಿಲ್ಲಿಸಿದರೆ ನೀರು ಆ ಸಂದಿನೊಳಗಿಂದಲೇ ಪಕ್ಕದ ಕೋಣೆಗೆ ಹೋಗುತ್ತದೆ. ಆದ್ದರಿಂದ ಗೋಡೆ ಬರುವ ಸಾಲಿನಲ್ಲಿ ಒಳಹಲಗೆ ಕತ್ತರಿಸಿ, ಸಂದಿಗೆ ಗಟ್ಟಿ ಮರದ ತುಂಡುಗಳನ್ನು ಅಂಟುಮಿಶ್ರಣದಲ್ಲಿ ಕೂರಿಸಿ, ಹೊರಹಲಗೆಯವರೆಗೂ ಮುಚ್ಚಬೇಕು. ಅಂಚಿನ ಸೀಲು ಮಾತ್ರ ಮೆದುವಾಗಿರಲಿ: ಅಲೆಯ ಮೇಲೆ ಒಡಲು ಬಾಗುತ್ತದೆ, ಉಕ್ಕಿನ ಗೋಡೆ ಬಾಗುವುದಿಲ್ಲ.

ಅಡಿಮರದ ಪಕ್ಕದಲ್ಲಿ ನೀರು ಹರಿಯಲು ಪಕ್ಕೆಮರಗಳಿಗೆ ಕೊರೆದ ತೂತುಗಳನ್ನೂ ಗೋಡೆಯ ಸಾಲಿನಲ್ಲಿ ಮುಚ್ಚಬೇಕಾಗುತ್ತದೆ. ಆಮೇಲೆ ಪ್ರತಿ ಕೋಣೆಗೂ ಬೇರೆ ಪಂಪ್ ಕೊಳವೆ, ಬೇರೆ ಅಲಾರಂ ಬೇಕು. ಹೊಸ ಹಡಗಿನ ತಳದಲ್ಲಿ ಮರದ ಹೊಟ್ಟು, ಚಕ್ಕೆ ಎಷ್ಟು ಗುಡಿಸಿದರೂ ಉಳಿಯುತ್ತವೆ. ಮೊದಲ ದೊಡ್ಡ ಅಲೆಗೆ ಎದ್ದು ಬಂದು ಪಂಪಿನ ಜಾಲರಿಗೆ ಸಿಕ್ಕಿ ಅದನ್ನು ಮುಚ್ಚಿಬಿಡುತ್ತವೆ. ಜಾಲರಿ ಕೈಗೆ ಸಿಗುವಂತಿರಬೇಕು.

ಪರೀಕ್ಷೆ ಸರಳ: ಒಂದು ಬದಿಯಿಂದ ಪೈಪಿನಲ್ಲಿ ನೀರು ಚಿಮ್ಮಿಸಿ, ಇನ್ನೊಂದು ಬದಿಯ ಅಂಚಿನ ಮೇಲೆ ಒಣ ಕೈ ಆಡಿಸಿ. ವೈರಿಂಗ್ ಮುಗಿದ ಮೇಲೆ ಇದನ್ನು ಮತ್ತೊಮ್ಮೆ ಮಾಡಿ. ಬಡಗಿ ತಿಂಗಳುಗಟ್ಟಲೆ ಮುಚ್ಚಿದ ಗೋಡೆಗೆ ಕೊನೆಯ ವಾರ ತೂತು ಕೊರೆಯುವವನು ಯಾವಾಗಲೂ ಎಲೆಕ್ಟ್ರಿಷಿಯನ್!

ಪ್ರಶ್ನೆ: ಹಡಗು ಮಗುಚದಂತೆ ತಳದಲ್ಲಿ ಭಾರಕ್ಕೆ ಹಾಕುವ ಕಲ್ಲಿನ ಬದಲು ಸೀಸ ಹಾಕಿದರೆ ಹಡಗು ಹೆಚ್ಚು ಭದ್ರವಲ್ಲವೇ?

ಉತ್ತರ: ಹೌದು, ಮಿತಿಯೊಳಗೆ. ಒಂದು ಟನ್ ಗ್ರಾನೈಟ್ ಕೂರುವ ಜಾಗದಲ್ಲಿ ಸುಮಾರು ನಾಲ್ಕು ಟನ್ ಸೀಸ ಕೂರುತ್ತದೆ; ಬಿಗಿದು ಹಾಕಿದರೆ ಸಡಿಲ ಕಲ್ಲಿನಂತೆ ಜರುಗುವುದೂ ಇಲ್ಲ. ಅತಿಯಾದರೆ ಹಡಗು ವಾಲಿದಾಗ ಜಗ್ಗನೆ ನೆಟ್ಟಗಾಗುತ್ತದೆ, ಆ ಏಟು ಹಾಯಿಕಂಬಕ್ಕೆ ಬೀಳುತ್ತದೆ.

ಅಳೆದೇ ನಿರ್ಧರಿಸಿ. 200 ಟನ್ ಹಡಗಿನಲ್ಲಿ ಒಂದು ಟನ್ ಭಾರವನ್ನು ಅಡ್ಡಡ್ಡ 5 ಮೀಟರ್ ಸರಿಸಿದಾಗ, 3 ಮೀಟರ್ ದಾರದ ತೂಗುಗುಂಡು 75 ಮಿಲಿಮೀಟರ್ ಜರುಗಿದರೆ, ವಾಲಿದ ಪ್ರಮಾಣ 75ನ್ನು 3000ರಿಂದ ಭಾಗಿಸಿದಾಗ ಬರುವ 0.025. ಈಗ 5ನ್ನು 200 × 0.025ರಿಂದ ಭಾಗಿಸಿ: ಒಂದು ಮೀಟರ್. ಇದು ಸ್ವಲ್ಪ ವಾಲಿದಾಗಿನ ಸ್ಥಿರತೆಯ ಅಳತೆ. ಪೂರ್ತಿ ಮಲಗಿದ ಹಡಗು ಏಳುತ್ತದೆಯೇ ಎಂಬುದಕ್ಕೆ ಬೇರೆ ಲೆಕ್ಕವೇ ಬೇಕು. ಟ್ಯಾಂಕುಗಳು ಅರ್ಧ ತುಂಬಿದ್ದರೆ, ದಡದ ಹಗ್ಗ ಬಿಗಿಯಾಗಿದ್ದರೆ ಈ ಅಂಕಿಯೂ ಸುಳ್ಳು.

ಪ್ರಶ್ನೆ: ಎಂಜಿನ್ ಕೋಣೆಯಿಂದ ಮರಕ್ಕೆ ತೊಂದರೆಯೇ?

ಉತ್ತರ: ಬಿಸಿಗೆ ನೀರಿನ ಮಟ್ಟದ ಮೇಲಿನ ಹಲಗೆಗಳು ಒಣಗಿ ಸಂದಿ ಬಿಡುತ್ತವೆ. ಅದಕ್ಕಿಂತ ಕೆಟ್ಟದ್ದು, ಗೋಡೆಗಳ ನಡುವೆ ಗಾಳಿ ನಿಲ್ಲುವುದು: ತೇವ ಆರದೆ ಮರ ಕೊಳೆಯುತ್ತದೆ. 2012ರಲ್ಲಿ ನೀರಿಗಿಳಿದ ಫ್ರಾನ್ಸಿನ ಪ್ರತಿಕೃತಿ ಹಡಗು ‘ಎರ್ಮಿಯೋನ್’ನ ಓಕ್ ಮರದಲ್ಲಿ 2021ರಲ್ಲಿ ಶಿಲೀಂಧ್ರ ಪತ್ತೆಯಾಯಿತು. ತೇವಾಂಶ ಶೇ. 20ರೊಳಗಿದ್ದರೆ ಕೊಳೆ ಶುರುವಾಗುವುದಿಲ್ಲ. ತೇವ ಅಳೆಯುವ ಮೀಟರನ್ನು ಮೊದಲು ಚುಚ್ಚಬೇಕಾದ್ದು ತಳಕ್ಕಲ್ಲ, ಮಳೆನೀರು ಇಳಿಯುವ ಡೆಕ್ಕಿನ ಅಂಚಿನ ಕೆಳಗೆ.