ಹೆಂಡ್ರಿಕ್ಸ್ ಮೇಲೇಕೆ, ವ್ಯಾನ್ ಹೇಲನ್ ಕೆಳಗೇಕೆ?

ರಾಕ್ ಗಿಟಾರಿನ ಸಾರ್ವಕಾಲಿಕ ಶ್ರೇಷ್ಠರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ನೀವು ತಕರಾರು ಎತ್ತಿದ್ದೀರಿ. ಜಿಮಿ ಹೆಂಡ್ರಿಕ್ಸ್‌ಗೆ ಮೊದಲ ಸ್ಥಾನ ಕೊಟ್ಟದ್ದು ಬರೀ ಹಳೆಯ ಭಕ್ತಿ, ವೇಗದಲ್ಲಿ ಎಡ್ಡಿ ವ್ಯಾನ್ ಹೇಲನ್ ಎಷ್ಟೋ ಮುಂದೆ, ಪಟ್ಟಿಗಳನ್ನು ನಂಬಬೇಡಿ ಎನ್ನುತ್ತೀರಿ.

ಪಟ್ಟಿಗಳ ಬಗೆಗಿನ ಗುಮಾನಿ ಸರಿಯೇ. ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್‌ನ 2003ರ ಶ್ರೇಷ್ಠ ಗಿಟಾರ್ ವಾದಕರ ಪಟ್ಟಿಯಲ್ಲಿ ವ್ಯಾನ್ ಹೇಲನ್ 70ನೆಯವರು, 2011ರಲ್ಲಿ 8ನೆಯವರು, 2023ರಲ್ಲಿ 4ನೆಯವರು. ಮೊದಲನೆಯದನ್ನು ಒಬ್ಬ ವಿಮರ್ಶಕ ಬರೆದಿದ್ದ, ಎರಡನೆಯದಕ್ಕೆ ವಾದಕರೂ ಮತ ಹಾಕಿದ್ದರು. ಅಷ್ಟೇ ವ್ಯತ್ಯಾಸ.

ವೇಗದ ಮಾತು ಮಾತ್ರ ನಮಗೆ ಒಪ್ಪಿಗೆಯಿಲ್ಲ. ವ್ಯಾನ್ ಹೇಲನ್ ಅವರ 1978ರ 'ಇರಪ್ಷನ್' 1 ನಿಮಿಷ 42 ಸೆಕೆಂಡಿನ ಗಿಟಾರ್ ತುಣುಕು. ಅದರ ಟ್ಯಾಪಿಂಗ್, ಅಂದರೆ ಎರಡೂ ಕೈ ಬೆರಳುಗಳಿಂದ ತಂತಿ ಬಡಿಯುವುದು, ಕಿವಿಗೆ ದಿಗಿಲು ಹುಟ್ಟಿಸುವಷ್ಟು ಕೈಗೆ ಕಷ್ಟವಲ್ಲ. ಬಲಗೈ ಬೆರಳು ತಂತಿಯನ್ನು ಫ್ರೆಟ್ (ವೀಣೆಯ ಮೆಟ್ಟಿಲಿನಂಥ ಲೋಹದ ಪಟ್ಟಿ) ಮೇಲೆ ಬಡಿದು, ಮೀಟುವಂತೆ ಎಳೆದು ಬಿಡುತ್ತದೆ. ಆಗ ಎಡಗೈ ತೋರುಬೆರಳು ಹಿಡಿದಿರುವ ಸ್ವರ ಕೇಳುತ್ತದೆ. ಅದರ ಬೆನ್ನಿಗೇ ಎಡಗೈ ಕಿರುಬೆರಳು ಬಡಿಯುತ್ತದೆ. ಬಲಗೈಯ ಒಂದು ಬಡಿತಕ್ಕೆ ಮೂರು ಸ್ವರ. ಗೇನ್ (ದನಿಯನ್ನು ಹಿಗ್ಗಿಸಿ ಒರಟಾಗಿಸುವ ಪ್ರಮಾಣ) ಏರಿಸಿದ ಆಂಪ್, ಅಂದರೆ ಆಂಪ್ಲಿಫೈಯರ್, ಮೂರನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಗೇನ್ ಅರ್ಧಕ್ಕಿಳಿಸಿ ನುಡಿಸಿ ನೋಡಿ, ಎಡಗೈ ಸ್ವರಗಳು ಸೊರಗುತ್ತವೆ. ಏರಿಸಿದರೆ ಮುಟ್ಟದ ತಂತಿಗಳೂ ಗುಂಯ್‌ಗುಡುತ್ತವೆ. ಅವನ್ನು ಅಂಗೈ ಅಂಚಿನಿಂದ ಅದುಮಿಡಬೇಕು, ಕಲಿಯುವವರು ಸೋಲುವುದು ಇಲ್ಲಿಯೇ. ಟ್ಯಾಪಿಂಗ್ ಉಪಾಯವನ್ನು ಇಂಗ್ಲೆಂಡಿನ ಜೆನೆಸಿಸ್ ತಂಡದ ಸ್ಟೀವ್ ಹ್ಯಾಕೆಟ್ 1971ರಲ್ಲೇ ರೆಕಾರ್ಡ್ ಮಾಡಿದ್ದರು. ವ್ಯಾನ್ ಹೇಲನ್ ನಿಜವಾಗಿ ದೊಡ್ಡವರೆನಿಸುವುದು ರಿದಂ, ಅಂದರೆ ಹಾಡಿಗೆ ಲಯದ ಆಸರೆ, ನುಡಿಸುವಾಗ. ಅಭಿಮಾನಿಗಳು ಅದನ್ನೇ ಮರೆಯುತ್ತಾರೆ.

ಇನ್ನು ಹೆಂಡ್ರಿಕ್ಸ್. ಎಡಚರಾದ ಅವರು ಬಲಗೈಯವರ ಸ್ಟ್ರಾಟೊಕ್ಯಾಸ್ಟರ್ ಗಿಟಾರನ್ನು ತಲೆಕೆಳಗಾಗಿಸಿ, ದಪ್ಪ ತಂತಿ ಮೇಲೆ ಬರುವಂತೆ ಕಟ್ಟಿಕೊಂಡರು. ಬ್ರಿಡ್ಜ್ ಪಿಕಪ್‌ನ (ತಂತಿಯ ಕಂಪನವನ್ನು ಹಿಡಿಯುವ, ಬುಡದ ಬಳಿಯ ಆಯಸ್ಕಾಂತದ ಪಟ್ಟಿ) ಓರೆಯೂ ಉಲ್ಟಾ ಆಗಿ ದಪ್ಪ ತಂತಿಗಳ ದನಿ ಚುರುಕಾಯಿತು, ತೆಳು ತಂತಿಗಳದು ದುಂಡಗಾಯಿತು. ಮೇಲಿಂದ ಅರ್ಧ ಸ್ವರ ತಗ್ಗಿಸಿದ ಶ್ರುತಿ. ದನಿಯನ್ನು ಒರಟಾಗಿಸುವ ಫಜ್ ಫೇಸ್ ಪೆಡಲ್ ಹಾಕಿಯೇ ಇಟ್ಟು, ಗಿಟಾರಿನ ವಾಲ್ಯೂಮ್ ನಾಬ್ ಒಂದನ್ನೇ ತಿರುಗಿಸಿ ಶುಚಿ ದನಿಯಿಂದ ಗರ್ಜನೆಗೆ ಹೋಗಬಹುದು. ಗಿಟಾರಿಗೂ ಈ ಪೆಡಲಿಗೂ ನಡುವೆ ಬಫರ್ (ಸಂಕೇತ ಸೊರಗದಂತೆ ತಡೆಯುವ ಸರ್ಕ್ಯೂಟ್) ಇರುವ ಇನ್ನೊಂದು ಪೆಡಲ್ ಇಟ್ಟರೆ ಈ ಆಟ ಕೆಡುತ್ತದೆ. ಪೆಡಲಿನೊಳಗಿನ ಟ್ರಾನ್ಸಿಸ್ಟರ್ ಜರ್ಮೇನಿಯಂನದಾದರೆ ಬಿಸಿಲಿಗೂ ಕೆಡುತ್ತದೆ.

ಅದಕ್ಕಿಂತ ಕಠಿಣ ಫೀಡ್‌ಬ್ಯಾಕ್. ಆಂಪ್‌ನ ಸದ್ದೇ ತಂತಿಯನ್ನು ಅಲುಗಿಸುವಾಗ ಯಾವ ಹಾರ್ಮೋನಿಕ್ (ಮೂಲ ಸ್ವರದ ಮೇಲೆ ಹುಟ್ಟುವ ಉಪಸ್ವರ) ಎದ್ದು ನಿಲ್ಲುತ್ತದೆ ಎಂಬುದು ನೀವು ನಿಂತ ದೂರ, ತಿರುಗಿದ ಕೋನಗಳ ಮೇಲಿದೆ. ಅರ್ಧ ಹೆಜ್ಜೆ ಸರಿದರೆ ಸ್ವರ ಹಾರಿಹೋಗಬಹುದು. 1969ರ ಆಗಸ್ಟ್ 18ರ ಬೆಳಿಗ್ಗೆ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಅಮೆರಿಕದ ರಾಷ್ಟ್ರಗೀತೆಯ ನಡುವೆ ಅವರು ಈ ಕಿರುಚಾಟವನ್ನು ಎಬ್ಬಿಸಿ, ಬಗ್ಗಿಸಿ, ಮತ್ತೆ ಧಾಟಿಗೆ ತಂದು ಕೂರಿಸುತ್ತಾರೆ. ಟ್ರೆಮೊಲೊ (ತಂತಿಗಳ ಬಿಗಿ ಬದಲಿಸಿ ಸ್ವರ ಏರಿಳಿಸುವ ಸರಳು) ಎಳೆದೆಳೆದು ಶ್ರುತಿ ಜಾರುತ್ತಿತ್ತು ಎಂಬುದೂ ನಿಜ. ತಂತಿ ನಟ್‌ನಲ್ಲಿ (ಗಿಟಾರಿನ ತಲೆಯ ಬಳಿ ತಂತಿ ಹಾಯುವ ಸೀಳುಪಟ್ಟಿ) ಸಿಕ್ಕಿಕೊಂಡರೆ ಹಾಗಾಗುತ್ತದೆ.

ಆ ದೋಷವಿಲ್ಲದ ಕೈ ಇಂಗ್ಲೆಂಡಿನ ಗಿಟಾರ್ ವಾದಕ ಜೆಫ್ ಬೆಕ್ ಅವರದು. ನಟ್‌ನಲ್ಲಿ ರೋಲರ್ ಹಾಕಿಸಿ ತಂತಿ ಸಿಕ್ಕುವುದನ್ನು ತಪ್ಪಿಸಿದರು. ತಂತಿ ಮೀಟುವ ಬಿಲ್ಲೆಯಾದ ಪ್ಲೆಕ್ಟ್ರಂ ಬಿಟ್ಟು ಹೆಬ್ಬೆರಳಲ್ಲಿ ಮೀಟುತ್ತಾ, ಕಿರುಬೆರಳಲ್ಲಿ ವಾಲ್ಯೂಮ್ ತಿರುಗಿಸುತ್ತಾ, ಅದೇ ಅಂಗೈಯಲ್ಲಿ ಟ್ರೆಮೊಲೊ ಹಿಡಿದು ನುಡಿಸಿದರು. ಬ್ರಿಟಿಷ್ ಸಂಗೀತಕಾರ ನಿತಿನ್ ಸಾಹ್ನಿಯವರ ಹಾಡು 'ನಾಡಿಯಾ'ವನ್ನು ಅವರು ನುಡಿಸಿದ್ದು ಕೇಳಿ, ಮೂಲ ಗಾಯಕಿಯ ಜಾರುಗಳೆಲ್ಲ ಅಲ್ಲಿವೆ. ವೀಣೆಯ ಗಮಕಕ್ಕೆ ಒಗ್ಗಿದ ಕಿವಿಗೆ ಅದರ ಬೆಲೆ ಬೇಗ ಗೊತ್ತಾಗುತ್ತದೆ. ಬೆಕ್ ಅವರದೇ 1989ರ 'ವೇರ್ ವರ್ ಯೂ' ಇನ್ನೂ ಕಷ್ಟದ್ದು. ಹಾರ್ಮೋನಿಕ್ ಮುಟ್ಟಿ, ಬೇಕಾದ ಸ್ವರಕ್ಕೆ ಟ್ರೆಮೊಲೊದಿಂದಲೇ ಏರಿಸಬೇಕು, ಇಳಿಸಬೇಕು. ಕೂದಲೆಳೆ ತಪ್ಪಿದರೂ ಕಾಪಾಡಲು ಫ್ರೆಟ್ ಇಲ್ಲ.

ಹಾಗಾಗಿ ನಮ್ಮ ಪಟ್ಟಿಯ ಮೊದಲ ಹೆಸರನ್ನು ಬದಲಿಸಲೇಬೇಕೆಂದು ನೀವು ಪಟ್ಟು ಹಿಡಿದರೆ, ಆ ಜಾಗ ಬೆಕ್‌ಗೆ ಹೋಗುತ್ತದೆ, ವ್ಯಾನ್ ಹೇಲನ್‌ಗಲ್ಲ.

— ಸಂಪಾದಕ