ಎಲ್ಕ್ ಬೇಟೆ: ಹೊರುವ ಲೆಕ್ಕ ಮೊದಲು

ಪ್ರಶ್ನೆ: ಅಮೆರಿಕದ ಕೊಲೊರಾಡೊದ ಸರ್ಕಾರಿ ಕಾಡಿನಲ್ಲಿ ಮೊದಲ ಸಲ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೊರಟಿದ್ದೇವೆ. ಲೈಸೆನ್ಸ್ ಸಿಕ್ಕಿದೆ. ಇನ್ನೇನು ಗಮನಿಸಬೇಕು? – ಓದುಗರು, ಡೆನ್ವರ್

ಉತ್ತರ: ಮಾಂಸ ಹೊರುವುದನ್ನೇ ಮೊದಲು ಯೋಚಿಸಿ. ಬಲಿತ ಗಂಡು ಎಲ್ಕ್ ಸುಮಾರು 300 ಕಿಲೋ ತೂಗುತ್ತದೆ. ಮೂಳೆ ಬಿಡಿಸಿದರೂ 80–90 ಕಿಲೋ ಮಾಂಸ. ಒಬ್ಬರಿಗೆ ನಾಲ್ಕು ಹೊರೆ! ರಸ್ತೆಯಿಂದ 3 ಕಿ.ಮೀ. ಒಳಗೆ ಹೊಡೆದರೆ ಹೋಗಿಬರುವ ನಡಿಗೆಯೇ 20 ಕಿ.ಮೀ. ದಾಟುತ್ತದೆ. ಇಬ್ಬರಾದರೂ ಇರಲೇಬೇಕು.

ದಪ್ಪ ಚರ್ಮ ಶಾಖ ಹಿಡಿದಿಡುವುದರಿಂದ ತೊಡೆಯ ಮೂಳೆಯ ಸುತ್ತಲೇ ಮಾಂಸ ಮೊದಲು ಹುಳಿಯುತ್ತದೆ. ತಡಮಾಡದೆ ಚರ್ಮ ಸುಲಿದು, ತೊಡೆ ಬೇರ್ಪಡಿಸಿ, ಬಟ್ಟೆ ಚೀಲದಲ್ಲಿ ನೆರಳಿಗೆ ತೂಗುಹಾಕಿ. ಪ್ಲಾಸ್ಟಿಕ್ ಬೇಡ, ಬಿಸಿ ಒಳಗೇ ಉಳಿಯುತ್ತದೆ. ಪ್ರಾಣಿ ಗಂಡೋ ಹೆಣ್ಣೋ ಎಂದು ತೋರಿಸುವ ದೇಹದ ಭಾಗ ಮಾಂಸಕ್ಕೆ ಅಂಟಿಕೊಂಡೇ ಇರಲಿ, ಅದು ಕಾನೂನು. ಅಕ್ಕಪಕ್ಕದ ಖಾಸಗಿ ಜಮೀನಿಗೆ ಬೇಲಿ, ಫಲಕ ಇರಲೇಬೇಕೆಂದಿಲ್ಲ; ತಿಳಿಯದೆ ಒಳಹೋಗದಂತೆ ಗಡಿ ತೋರಿಸುವ ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ.